ಮಂದ ಆಯಿಲ್ ಹಾಕಿದ್ರೆ ಇಂಜಿನ್ ಉಳಿಯುತ್ತಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ 2008ರ ಪೋರ್ಷೆ ಬಾಕ್ಸ್‌ಸ್ಟರ್ ತಗೊಂಡಿದ್ದೇನೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಎರಡು ಸಲ ಜೋರಾಗಿ ಓಡಿಸಿದೆ. ಈಗಿರುವ ಇಂಜಿನ್ ಆಯಿಲ್ 0ಡಬ್ಲ್ಯು-40. ಗೆಳೆಯರು ಅದಕ್ಕಿಂತ ಮಂದವಾದ 10ಡಬ್ಲ್ಯು-60 ಹಾಕಿಸು ಅಂತಾರೆ. ಹಾಕಿಸಲಾ ಸರ್?
– ಓದುಗರು, ಬೆಂಗಳೂರು

ಉತ್ತರ: ಬೇಡ. ಗೆಳೆಯರಿಗೆ ಕಾಫಿ ಕೊಡಿಸಿ ಕಳಿಸಿ.

ನಿಮ್ಮ ಇಂಜಿನ್ನಿಗೆ 'ಇಂಟಿಗ್ರೇಟೆಡ್ ಡ್ರೈ ಸಂಪ್' ಇದೆ ಅಂತ ಕಂಪನಿ ಹೇಳುತ್ತದೆ. ಸಂಪ್ ಅಂದ್ರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿ; ನಿಜವಾದ ಡ್ರೈ ಸಂಪ್ ಆದರೆ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ಹೆಸರಿಗೆ ಮರುಳಾಗಬೇಡಿ. ಅದೇ ಕಾಲದ ಪೋರ್ಷೆ 911 ಜಿಟಿ3 ಕಾರಿಗೆ ಆಯಿಲ್‌ಗೆಂದೇ ಬೇರೆ ಟ್ಯಾಂಕ್ ಇದೆ. ನಿಮ್ಮದರಲ್ಲಿ ಆಯಿಲ್ ಇಂಜಿನ್ನಿನ ಹೊಟ್ಟೆಯಡಿಯೇ ಇರುತ್ತದೆ. ಉದ್ದನೆ ತಿರುವಿನಲ್ಲಿ ಜೋರಾಗಿ ಹೋದರೆ, ಓರೆ ಮಾಡಿದ ತಟ್ಟೆಯ ಸಾರಿನ ಹಾಗೆ ಒಂದು ಕಡೆ ಸೇರುತ್ತದೆ. ಪಂಪು ಆಯಿಲ್ ಬದಲು ಗಾಳಿ ಎಳೆಯುತ್ತದೆ. ಆಗ 40 ಇದ್ದರೇನು, 60 ಇದ್ದರೇನು? ಟಯರ್ ಹಿಡಿತ ಹೆಚ್ಚಿದಷ್ಟೂ ಈ ಕಾಟ ಜಾಸ್ತಿ. ಸೆಮಿ ಸ್ಲಿಕ್ (ಟ್ರ್ಯಾಕಿಗೆಂದೇ ಇರುವ ಹೆಚ್ಚು ಹಿಡಿತದ ಟಯರ್) ಹಾಕುವ ಆಸೆಯಿದ್ದರೆ ಮೊದಲು ಬ್ಯಾಫಲ್, ಅಂದ್ರೆ ಆಯಿಲ್ ಒಂದು ಕಡೆ ನುಗ್ಗದಂತೆ ತಡೆಯುವ ಅಡ್ಡಗೋಡೆ, ಇರುವ ಸಂಪ್ ಹಾಕಿಸಿ.

ಇದು ನನಗೆ ಬುದ್ಧಿ ಬಂದಿದ್ದು ದುಡ್ಡು ಕಳೆದುಕೊಂಡು. 1999ರಲ್ಲಿ ಅದೇ ಟ್ರ್ಯಾಕ್‌ನಲ್ಲಿ ನನ್ನ ಹಳೇ ಕಾರು ಓಡಿಸುತ್ತಿದ್ದೆ. ಬಲ ತಿರುವಿನಲ್ಲಿ ಕೆಂಪು ಆಯಿಲ್ ಲೈಟು ಮಿಣುಕ್ ಅಂತು. ನೇರ ರಸ್ತೆಗೆ ಬಂದ ಕೂಡಲೇ ಆರಿತು. ಲೈಟಿನದೇ ಏನೋ ಲೂಸ್ ಕನೆಕ್ಷನ್ ಅಂದುಕೊಂಡೆ! ಇನ್ನು ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಇಂಜಿನ್ನಿನಲ್ಲಿ ಟಕ ಟಕ ಶುರು. ಸಂಪ್ ಬಿಚ್ಚಿದರೆ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಶಾಫ್ಟಿಗೆ ಸೇರುವ ಕಡೆಯ ಬೇರಿಂಗ್) ಸವೆದು ಒಳಗಿನ ತಾಮ್ರ ಕಾಣುತ್ತಿತ್ತು. ಬೆಳಿಗ್ಗೆ ಆಯಿಲ್ ನೋಡಿರಲಿಲ್ಲ. ಒಂದು ಲೀಟರ್ ಕಡಿಮೆ ಇತ್ತು, ಅಷ್ಟೇ.

60ರ ಆಯಿಲ್ ಹಾಕಿದರೆ ಗೇಜಿನಲ್ಲಿ ಪ್ರೆಷರ್ ಏರುತ್ತದೆ, ನಿಜ. ಆದರೆ ಅದು ಮಂದದ್ದು ಸರಾಗವಾಗಿ ಹರಿಯದೆ ತೋರಿಸುವ ಲೆಕ್ಕ. ಬೇರಿಂಗಿಗೆ ಆಯಿಲ್ ಜಾಸ್ತಿ ಸಿಕ್ಕಿತು ಅಂತಲ್ಲ. ಡಬ್ಬದ ಹಿಂದೆ 'ಪೋರ್ಷೆ ಎ40' (ಪೋರ್ಷೆ ಕಂಪನಿಯ ಒಪ್ಪಿಗೆಯ ಗುರುತು) ಅಂತಿರುವ 0ಡಬ್ಲ್ಯು-40 ಅಥವಾ 5ಡಬ್ಲ್ಯು-40 ಸಾಕು. ಎರಡು ಟ್ರ್ಯಾಕ್ ದಿನ ಮುಗಿದರೆ ಬದಲಾಯಿಸಿ, ಕಿಲೋಮೀಟರ್ ಲೆಕ್ಕ ಹಾಕುತ್ತಾ ಕೂರಬೇಡಿ.

ನಿಮ್ಮ ಕಾರಿಗೆ ಡಿಪ್‌ಸ್ಟಿಕ್ ಇಲ್ಲ, ಮೀಟರಿನಲ್ಲೇ ನೋಡಬೇಕು ಅಲ್ವಾ? ಪ್ರತಿ ಸಲ ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ) ಬಂದಾಗ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಬಿಟ್ಟು ನೋಡಿ. ಮೇಲಿನ ಗೆರೆ ಹತ್ತಿರ ಇರಲಿ. ದಾಟಿಸಿದರೆ ಆಯಿಲ್ ಇನ್‌ಟೇಕಿಗೆ (ಇಂಜಿನ್ ಗಾಳಿ ಎಳೆಯುವ ದಾರಿಗೆ) ಹೋಗಿ ಹಿಂದೆ ಬಿಳಿ ಹೊಗೆ.

ಹಳೇ ಆಯಿಲ್ ಫಿಲ್ಟರನ್ನು ಸುಮ್ನೆ ಬಿಸಾಡಬೇಡಿ. ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಚೂರಿದ್ದರೆ ಆಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕಬ್ಬಿಣದ ಭಾಗ ಯಾವುದೋ ಸವೆಯುತ್ತಿದೆ. ಅಂಟದಿದ್ದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಆಗ ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅನ್ನಬೇಡಿ. ಗ್ಯಾರೇಜಿಗೆ ಲಾರಿ ಮೇಲೇ ಕಳಿಸಿ.