ಕಿಟಕಿ ಬಳಿ ಇಟ್ಟ ಮೆಂತ್ಯದ ಸಸಿಗಳೆಲ್ಲ ಒಂದೇ ಕಡೆ ವಾಲುವುದೇಕೆ?

ಅದು ಆಕ್ಸಿನ್ ಎಂಬ ಹಾರ್ಮೋನಿನ ಕೆಲಸ. ಕುಡಿಯಲ್ಲಿ ತಯಾರಾಗಿ ಕೆಳಗಿಳಿಯುವ ಇದು, ಬೆಳಕು ಒಂದೇ ಕಡೆಯಿಂದ ಬಿದ್ದಾಗ ನೆರಳಿನ ಮಗ್ಗುಲಿಗೆ ಹೆಚ್ಚು ಸರಿಯುತ್ತದೆ. ಅಲ್ಲಿನ ಕೋಶಗಳ ಗೋಡೆ ಸಡಿಲವಾಗುತ್ತದೆ. ನೀರು ಹೀರಿ ಅವು ಉದ್ದವಾಗುತ್ತವೆ. ಬೆಳಕೇ ಸಸಿಯನ್ನು ಎಳೆದಂತೆ ಕಂಡರೂ ತಳ್ಳುವುದು ನೆರಳಿನ ಬದಿ!

ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದ ಪ್ರಯೋಗ ಸೊಗಸಾಗಿದೆ. ಹುಲ್ಲಿನ ಮೊಳಕೆಯ ತುದಿಗೆ ಬೆಳಕು ತೂರದ ಟೊಪ್ಪಿ ಹಾಕಿದರು, ಬಾಗಲಿಲ್ಲ. ಬುಡವನ್ನಷ್ಟೇ ಮುಚ್ಚಿದರು, ಬಾಗಿತು. ಅಂದರೆ ಬೆಳಕನ್ನು ಗುರುತಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ.

ಬೇರಿನಲ್ಲಿ ಮಾತ್ರ ಕಥೆ ಉಲ್ಟಾ: ಆಕ್ಸಿನ್ ಹೆಚ್ಚಾದ ಬದಿ ನಿಧಾನವಾಗುತ್ತದೆ. ಅಡ್ಡಡ್ಡ ಬಿದ್ದ ಬೀಜದ ಬೇರಿನಲ್ಲಿ ಆಕ್ಸಿನ್ ಕೆಳಬದಿಗೆ ಹೆಚ್ಚು ಸೇರುತ್ತದೆ, ಬೇರು ಕೆಳಮುಖವಾಗಿ ತಿರುಗುವುದು ಅದಕ್ಕೇ.

ಸಸಿ ನೆಟ್ಟಗಿರಬೇಕಾದರೆ ಟ್ರೇಯನ್ನು ದಿನಕ್ಕೊಮ್ಮೆ ತಿರುಗಿಸಿಡಿ.