ದುರ್ಗದ ಹೊಸ ಬಡಾವಣೆಗೆ ಯಾವ ಮರ?

ಚಿತ್ರದುರ್ಗದ ಹೊರಗೆ ಹೊಸ ಬಡಾವಣೆ, 30 ಅಡಿ ರಸ್ತೆ, ಎಲ್ಲೂ ನೆರಳಿಲ್ಲ. ಬೇಗ ಬೆಳೆಯುತ್ತದೆ ಅಂತ ಅಕ್ಕಪಕ್ಕದವರೆಲ್ಲ ಕಾನೋಕಾರ್ಪಸ್ ಹಾಕೋಣ ಅನ್ನುತ್ತಿದ್ದಾರೆ, ಹಾಕಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಬೇಡ. ಬೇಗ ಬೆಳೆಯುವುದು ನಿಜ. ಆದರೆ ಅದರ ಬೇರು ಚರಂಡಿ, ಪೈಪು, ಕೇಬಲ್‌ಗಳಿಗೆ ನುಗ್ಗುತ್ತದೆ. ಹೂವಿನ ಪರಾಗದಿಂದ ಶೀತ, ಕೆಮ್ಮು, ಅಲರ್ಜಿಯ ತೊಂದರೆಯೂ ಇದೆ ಅಂತ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ನಾನಾದರೆ ರಸ್ತೆ ಬದಿಗೆ ಕಣ್ಣುಮುಚ್ಚಿ ಹೊಂಗೆ ಹಾಕುತ್ತೇನೆ. ಬೇಸಿಗೆ ಶುರುವಾಗುವ ಹೊತ್ತಿಗೆ ಎಲೆ ಉದುರಿಸಿ, ಯುಗಾದಿ ಹೊತ್ತಿಗೆ ಹೊಸ ಚಿಗುರು ತುಂಬಿಕೊಳ್ಳುತ್ತದೆ. ಸುಡುವ ಏಪ್ರಿಲ್, ಮೇ ತಿಂಗಳಲ್ಲೇ ಅದರ ನೆರಳು ದಟ್ಟ. ಕುರಿ, ಮೇಕೆಗಳೂ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಡುನಡುವೆ ಬೇವು ಇರಲಿ. ಕರೆಂಟ್ ತಂತಿ ಇರುವ ಬದಿಗೆ ಮಂದಾರ, ದೇವಕಣಗಿಲೆಯಂಥ ಚಿಕ್ಕವು ಸಾಕು. ಗುಲ್ಮೊಹರ್ ಹೂವಿಗೆ ಚೆಂದ, ಆದರೆ ಕೊಂಬೆ ಪೆಳಸು. ಗುಡ್ಡದ ಮೇಲೆಲ್ಲ ಗಾಳಿಯಂತ್ರ ತಿರುಗುವ ಊರಿದು, ಕಾರು ನಿಲ್ಲಿಸುವ ಕಡೆ ಅದು ಬೇಡ. ಪಾರ್ಕಿಗೆ ಜಾಗ ಬಿಟ್ಟಿದ್ದರೆ ನೇರಳೆ, ಹುಣಸೆ ಅಲ್ಲಿಗಿರಲಿ.

ಇಷ್ಟಾದರೂ ಯಾವ ಗಿಡ ಅನ್ನುವುದಕ್ಕಿಂತ ಗುಂಡಿ ಮುಖ್ಯ. ದುಡ್ಡು ಅಲ್ಲಿ ಹಾಕಿ. ಲೇಔಟ್ ಮಾಡುವಾಗ ಮೇಲ್ಮಣ್ಣು ಕೆರೆದು, ಗರಸು ಹಾಕಿ ರೋಲರ್ ಓಡಿಸಿರುತ್ತಾರೆ. ಗುದ್ದಲಿ ಹಾಕಿದರೆ ಟಣ್ ಅನ್ನುತ್ತದೆ. ಅಲ್ಲಿ ಒಂದಡಿ ಗುಂಡಿ ತೋಡಿ ಗಿಡ ಇಟ್ಟರೆ ಬೇರು ಎಲ್ಲಿಗೆ ಹೋಗಬೇಕು? ಮೂರಡಿ ಉದ್ದ, ಅಗಲ, ಆಳ ತೋಡಿಸಿ. ಒಂದು ಕೊಡ ನೀರು ಸುರಿದು ನೋಡಿ. ಮರುದಿನ ಬೆಳಗ್ಗೆಯೂ ನೀರು ನಿಂತಿದ್ದರೆ ತಳವನ್ನು ಹಾರೆಯಿಂದ ಇನ್ನಷ್ಟು ಒಡೆಯಬೇಕು. ಆಮೇಲೆ ಕೆರೆಗೋಡು, ಕೆಂಪು ಮಣ್ಣು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿ. ಪಾತಿಗೆ ಶೇಂಗಾ ಸಿಪ್ಪೆ ಹರಡಿದರೆ ತೇವ ಬೇಗ ಆರುವುದಿಲ್ಲ. ಚಳ್ಳಕೆರೆ ಕಡೆಯಿಂದ ಸಿಪ್ಪೆ ತರಿಸಬಹುದು.

ಸಸಿಗೆ ಮೊದಲು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೇಳಿ, ರಿಯಾಯಿತಿ ದರಕ್ಕೆ ಕೊಡುತ್ತಾರೆ. ದೊಡ್ಡ ಚೀಲದಲ್ಲಿ ಬೆಳೆದ, ಆಳೆತ್ತರದ ಸಸಿಯೇ ಬೇಕು ಅನ್ನಿ. ನೆಡುವಾಗ ಚೀಲ ಪೂರ್ತಿ ಹರಿದು ತೆಗೆಯಿರಿ. ಗಾಳಿಗೆ ಅಲುಗದಂತೆ ಗೂಟ ಕೊಟ್ಟು, ಗೋಣಿದಾರದಿಂದ ಸಡಿಲವಾಗಿ ಕಟ್ಟಿ.

ದುರ್ಗದಲ್ಲಿ ಮಳೆ ಕಡಿಮೆ, ಇರುವ ಮಳೆಯೂ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಜೂನ್ ಮೊದಲ ಮಳೆ ನಂಬಿ ನೆಟ್ಟು ಸುಮ್ನೆ ಬಿಟ್ಟರೆ ಆಷಾಢದ ಒಣ ಗಾಳಿಗೇ ಸಸಿ ಬಾಡುತ್ತದೆ. ಮಳೆ ಕೈಕೊಟ್ಟಾಗ ವಾರಕ್ಕೆರಡು ಸಲ, ಪಾತಿ ತುಂಬ ನೀರು ಕೊಡಿ. ದಿನಾ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಎರಡು ಬೇಸಿಗೆ ಹೀಗೆ ನೋಡಿಕೊಂಡರೆ ಹೊಂಗೆ, ಬೇವು ಆಮೇಲೆ ತಾವೇ ಬದುಕಿಕೊಳ್ಳುತ್ತವೆ.

ಮನೆ ಇರುವ ಕಡೆ ಆಯಾ ಮನೆಯವರು ನೀರು ಹಾಕುತ್ತಾರೆ. ಖಾಲಿ ಸೈಟಿನ ಮುಂದಿನ ಗಿಡಗಳೇ ಮೊದಲು ಒಣಗುವುದು. ಉಳಿದರೂ ಮನೆ ಕಟ್ಟುವಾಗ ಜಲ್ಲಿ, ಮರಳು ಅದರ ಮೇಲೆಯೇ ಬೀಳುತ್ತದೆ. ಅವುಗಳಿಗೆ ಟ್ಯಾಂಕರ್ ನೀರು ಹಾಕಿಸಲು ಎಲ್ಲರೂ ಸೇರಿ ದುಡ್ಡು ಹಾಕುವುದಾದರೆ ಈಗಲೇ ನೆಡಿ. ಆಗುವುದಿಲ್ಲ ಅಂದರೆ ಸೈಟಿನವರು ಮನೆ ಕಟ್ಟಿ, ಗೇಟು ಎಲ್ಲಿ ಅಂತ ಗೊತ್ತಾದ ಮೇಲೆ ಅಲ್ಲಿ ಗುಂಡಿ ತೋಡಿಸಿ.