ಚರಂಡಿ ದುಡ್ಡಿನ ಲೆಕ್ಕ ಮೊಬೈಲಲ್ಲಿ ಸಿಗುತ್ತಾ?

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ. ಹೋದ್ ಬೇಸಿಗೆಲಿ ಕಟ್ಟಿದ್ ಚರಂಡಿ ಮೊದಲ ಮಳೆಗೇ ಕುಸಿದು ನೀರೆಲ್ಲ ಅಡಿಕೆ ತೋಟಕ್ಕೆ ನುಗ್ತು. ಊರಿನ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ್ರೆ ಬರೀ ಕೈಮುಗಿಯೋ ಇಮೋಜಿ ಬರುತ್ತೆ, ಖರ್ಚೆಷ್ಟಾಯ್ತು ಅಂತ ಯಾರೂ ಬಾಯ್ಬಿಡಲ್ಲ. ಏನ್ ಮಾಡ್ಲಿ ಸರ್?
– ಒಬ್ಬ ಓದುಗ

ಉತ್ತರ: ಫೋಟೋ ಹಾಕಿದ್ದು ದಂಡ ಅಲ್ಲ ಮಾರಾಯ್ರೆ, ತಾರೀಕಿರೋ ಸಾಕ್ಷಿ ಅದು, ಡಿಲೀಟ್ ಮಾಡ್ಬೇಡಿ. ಮೊದ್ಲು ಇ-ಗ್ರಾಮ್‌ಸ್ವರಾಜ್ ಅನ್ನೋ ಆ್ಯಪ್ ತೆಗೀರಿ, 2020ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಪಂಚಾಯ್ತಿವಾರು ಯಾವ ವರ್ಷ ಏನು ಯೋಜನೆ, ಎಷ್ಟು ಖರ್ಚು ಅಂತ ಅದ್ರಲ್ಲಿ ನೋಡ್ಬೋದು. ಗುಡ್ಡದ ಮೇಲೆ ಹತ್ತಿದ್ರೇನೇ ನೆಟ್‌ವರ್ಕ್ ಸಿಗೋದು ಅಂತೀರಾ, ಹತ್ತಿ! ಕೆಲಸ ನರೇಗಾದಲ್ಲಿ ಆಗಿದ್ರೆ ಹಾಜರಾತಿ ಪಟ್ಟಿನೂ ಅದರ ವೆಬ್‌ಸೈಟಲ್ಲೇ ಇರುತ್ತೆ, ಊರಲ್ಲೇ ಇಲ್ದೋರ ಹೆಸ್ರು ಅದ್ರಲ್ಲಿದ್ಯಾ ಅಂತ ಕಣ್ಣಾಡ್ಸಿ.

ಆದ್ರೆ ಸ್ಕ್ರೀನಲ್ಲಿ ಕಾಣೋದು ಮೊತ್ತ ಮಾತ್ರ, ಸಿಮೆಂಟ್ ಎಷ್ಟು ಹಾಕಿದ್ರು ಅಂತ ಅಲ್ಲ. ಅದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆನೇ ಬೇಕು. 10 ರೂಪಾಯಿ ಶುಲ್ಕ, ನಮ್ ರಾಜ್ಯದ ನಿಯಮದ ಪ್ರಕಾರ ಒಂದೇ ವಿಷಯ, 150 ಪದದೊಳಗೆ ಬರೀಬೇಕು, ಹಾಗಾಗಿ ಸಿಟ್ಟೆಲ್ಲ ಗ್ರೂಪಲ್ಲೇ ಮುಗಿಸ್ಕೊಳಿ, ಅರ್ಜಿಲಿ ಎಸ್ಟಿಮೇಟು, ಅಳತೆ ಪುಸ್ತಕ (ಆದ ಕೆಲಸದ ಅಳತೆ ಬರೆದಿಡೋದು), ಬಿಲ್ಲಿನ ನಕಲು ಇಷ್ಟೇ ಕೇಳಿ. ತುಂಬಾ ಜನಕ್ಕೆ ಗೊತ್ತಿಲ್ಲ, ಕಾಮಗಾರಿ ಪರಿಶೀಲನೆ ಮಾಡಿ ಸಾಮಗ್ರಿಯ ದೃಢೀಕೃತ ಸ್ಯಾಂಪಲ್ ತಗೊಳೋ ಹಕ್ಕೂ ಈ ಕಾಯ್ದೆಲೇ ಇದೆ. 30 ದಿನದಲ್ಲಿ ಉತ್ತರ ಬರ್ಬೇಕು, ಬರ್ಲಿಲ್ವಾ, ಮೇಲ್ಮನವಿ ಹಾಕಿ. ಕೊಟ್ಟ ಕಾಗದದ ಫೋಟೋ ಅದೇ ಗ್ರೂಪಿಗೆ ಹಾಕಿ ನೋಡಿ, ಆಗ ಇಮೋಜಿ ಬದ್ಲು ಫೋನೇ ಬರುತ್ತೆ.